ಒಲೆ ಎರಡು, ಮೆಟ್ಟಿಲು ನಾಲ್ಕು

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಚೆನ್ನಾಗಿಯೇ ಇತ್ತು. ಆದರೆ ಕೆಲಸಕ್ಕೆ ಸೇರಿದ ಮೂರನೇ ವಾರಕ್ಕೆಲ್ಲ ವಾರ್ಡಿನವರು ಅದನ್ನು ಬದಿಗಿಟ್ಟು ಕಕ್ಕಸಕ್ಕ ಅಂತ ಕರೆಯೋಕೆ ಶುರು ಮಾಡಿದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. "ಕಕ್ಕಸಕ್ಕ, ಟೀ ಕುಡೀತೀರಾ?" ಅಂತ ಒಬ್ಬ ಯಜಮಾನರು ಮರ್ಯಾದೆಯಿಂದಲೇ ಕೇಳಿದಾಗ ಅವಳು "ಸಕ್ಕರೆ ಕಮ್ಮಿ ಹಾಕಿ" ಅಂದಳು. ಅಲ್ಲಿಗೆ ಹೆಸರು ಖಾಯಂ ಆಯಿತು. ಕೆಲಸ ಮಾತ್ರ ಖಾಯಂ ಆಗಲಿಲ್ಲ, ಅದು ವರ್ಷ ವರ್ಷದ ಗುತ್ತಿಗೆ.

ಕೆಲಸ ಅಂದರೆ ವಾರ್ಡಿನ ಮನೆಮನೆಗೂ ಹೋಗಿ ಕಕ್ಕಸು ಇದೆಯೋ ಇಲ್ಲವೋ ಕೇಳೋದು, ಇದೆ ಅಂದರೆ ಕಣ್ಣಾರೆ ನೋಡೋದು, ನೋಡಿದ್ದನ್ನು ಆಫೀಸು ಕೊಟ್ಟ ಟ್ಯಾಬಿನಲ್ಲಿ ಒತ್ತೋದು. ಗುಂಡಿ ಇದೆಯಾ, ಬಾಗಿಲು ಇದೆಯಾ, ನೀರು ಇದೆಯಾ, ಬೇರೆ ಮನೆಯವರೂ ಬಳಸ್ತಾರಾ. ಮೊದಲ ಮೂರಕ್ಕೆ ಹೌದು, ಕೊನೆಯದಕ್ಕೆ ಇಲ್ಲ ಅಂದರೆ ಮನೆ ಹಸಿರು. ಎರಡು ಮನೆಗೆ ಒಂದೇ ಕಕ್ಕಸು ಆದರೆ ಎರಡೂ ಹಳದಿ. ಏನೂ ಇಲ್ಲದಿದ್ದರೆ ಕೆಂಪು. ಒಬ್ಬರ ಕಕ್ಕಸಿನಲ್ಲಿ ಮೂರು ಮೂಟೆ ಈರುಳ್ಳಿ ಇತ್ತು. ಗುಂಡಿ ಇತ್ತು, ಬಾಗಿಲು ಇತ್ತು, ನಲ್ಲಿಯೂ ಇತ್ತು. ಹಸಿರು. ಇನ್ನೊಬ್ಬರ ಮನೆಯಲ್ಲಿ ಕೋಳಿ ಕಾವು ಕೂತಿತ್ತು. ಫೋಟೋ ಇಲ್ಲದೆ ಟ್ಯಾಬು ಮುಂದಿನ ಪ್ರಶ್ನೆಗೆ ಹೋಗೋದಿಲ್ಲವಲ್ಲ, ಕೋಳಿಯ ಸಮೇತ ಫೋಟೋ ತೆಗೆದಳು. ಅದೂ ಹಸಿರು. ಒಳಗೆ ಯಾರು ಹೋಗ್ತಾರೆ, ಹೋಗೋಕೆ ಆಗುತ್ತಾ ಅನ್ನೋ ಪ್ರಶ್ನೆ ಟ್ಯಾಬಿನಲ್ಲಿ ಇರಲಿಲ್ಲ. ಇಲ್ಲದ ಪ್ರಶ್ನೆಗೆ ಉತ್ತರ ಒತ್ತೋಕೆ ಅವಳೇನು ಹುಚ್ಚಿಯೇ?

ಕೆಲಸಕ್ಕೆ ಮುಂಚೆ ಮೂರು ದಿನ ತರಬೇತಿ ಕೊಟ್ಟಿದ್ದರು. ಅದರಲ್ಲಿ ಒಂದೂವರೆ ದಿನ ಕಕ್ಕಸಿನ ಸುದ್ದಿಯೇ ಬರಲಿಲ್ಲ, ಮನೆ ಅಂದರೆ ಏನು ಅನ್ನೋದರಲ್ಲೇ ಕಳೆಯಿತು. ಒಂದೇ ಸೂರು ಇದ್ದರೆ ಒಂದು ಮನೆಯಲ್ಲ. ಒಂದೇ ರಕ್ತ ಆದರೂ ಒಂದು ಮನೆಯಲ್ಲ. ಒಂದು ಒಲೆಯಲ್ಲಿ ಬೇಯಿಸಿಕೊಂಡು ಉಣ್ಣೋರು ಒಂದು ಮನೆ. ಒಲೆ ಎಷ್ಟೋ ಮನೆ ಅಷ್ಟು. ಎಲ್ಲರೂ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಕಕ್ಕಸಕ್ಕನೂ ಬರೆದುಕೊಂಡಳು, ಬರೆದು ಅದರ ಕೆಳಗೆ ಎರಡು ಗೆರೆ ಎಳೆದಳು. ಯಾಕೆಂದರೆ ಅವಳ ಮನೆಯಲ್ಲಿ ಒಲೆ ಎರಡು, ಕಕ್ಕಸು ಒಂದು.

ಅದರ ಕತೆ ಹೀಗೆ. ಅವಳ ಗಂಡ ಮತ್ತು ಅವನ ಅಣ್ಣ ಇಬ್ಬರೂ ಒಂದೇ ಲಾರಿಯ ಡ್ರೈವರುಗಳು. ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗುತ್ತಾನೆ. ತಿಂಗಳಲ್ಲಿ ಇಪ್ಪತ್ತು ದಿನ ಒಂದೇ ಡಬ್ಬಿಯಲ್ಲಿ ಉಂಡು, ಒಂದೇ ಕಂಬಳಿ ಹೊದೆಯುತ್ತಾರೆ. ಅವರ ನಡುವೆ ಒಂದು ಮಾತು ಬಂದಿದ್ದಿಲ್ಲ. ಬಂದಿದ್ದು ಮನೆಯಲ್ಲಿದ್ದ ಅವರ ಹೆಂಡಿರ ನಡುವೆ. ಎರಡು ಜಡೆ ಒಂದು ಕಡೆ ಸೇರೋದಿಲ್ಲ ಅಂತಾರಲ್ಲ, ಹದಿನಾಲ್ಕು ವರ್ಷ ಸೇರಿಯೇ ಇದ್ದ ಜಡೆಗಳು ಒಂದು ಭಾನುವಾರ ಉಪ್ಪಿನ ಮೇಲೆ ಬೇರೆಯಾದವು. ಆವತ್ತಿನ ಸಾರಿಗೆ ಯಾರೋ ಎರಡನೇ ಸಲ ಉಪ್ಪು ಹಾಕಿದ್ದರು. ಗಂಡಸರು ಒಂದು ತುತ್ತು ತಿಂದು ಕೈ ತೊಳೆದರು. ನೀನು ಹಾಕಿದ್ದು ಅಂತ ಇವಳು, ನೀನು ಹಾಕಿದ್ದು ಅಂತ ಅವಳು. ಉಪ್ಪಿನಿಂದ ತವರುಮನೆಗೆ, ತವರುಮನೆಯಿಂದ ಮದುವೆಯಲ್ಲಿ ಕೊಟ್ಟ ಪಾತ್ರೆಗಳ ತೂಕಕ್ಕೆ ಮಾತು ಬೆಳೆಯಿತು. ಮಾರನೇ ಬೆಳಿಗ್ಗೆ ಕಕ್ಕಸಕ್ಕ ಹಿತ್ತಲ ಕಡೆ ಕೋಣೆಯಲ್ಲಿ ಬೇರೆ ಒಲೆ ಹಚ್ಚಿದಳು. ಅಂಗಳಕ್ಕೆ ಅಡ್ಡಗೋಡೆ ಬಂತು, ಗೋಡೆಗೊಂದು ಬಾಗಿಲು ಬಂತು. ಕಕ್ಕಸು ಓರಗಿತ್ತಿಯ ಕಡೆ ಉಳಿಯಿತು. ಬೆಳಿಗ್ಗೆ ಏಳೂವರೆವರೆಗೆ ಅವರದ್ದು, ಆಮೇಲೆ ಇವರದ್ದು.

ಮೂರು ವರ್ಷದಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿಲ್ಲ. ಹಾಗಂತ ಮಾತು ನಿಂತಿತ್ತು ಅಂದುಕೊಳ್ಳಬೇಡಿ. ಹೇಳೋದಿದ್ದರೆ ವಸ್ತುಗಳಿಗೆ ಹೇಳುತ್ತಿದ್ದರು. "ಈ ಪೊರಕೆಗೆ ಕಾಲು ಬಂದಿದೆ, ತಾನಾಗೇ ಆ ಕಡೆ ಹೋಗಿದೆ" ಅಂತ ಓರಗಿತ್ತಿ ಪೊರಕೆ ಇದ್ದ ಜಾಗಕ್ಕೆ ಹೇಳಿದರೆ, ಕಕ್ಕಸಕ್ಕ ತನ್ನ ಕೊಡಕ್ಕೆ, "ಪೊರಕೆ ಬೇಕಿದ್ರೆ ಬಾಗಿಲ ಹತ್ರ ಇದೆಯಪ್ಪ, ನಾನೇನು ತಿಂತೀನಾ?" ಅನ್ನುತ್ತಿದ್ದಳು. ಕೆಲಸ ಸಾಗುತ್ತಿತ್ತು.

ಅತ್ತೆ ಪಾಲಿಗೆ ಬಂದಿದ್ದು ತಿಂಗಳ ಲೆಕ್ಕ. ಒಂದು ತಿಂಗಳು ದೊಡ್ಡವಳ ಹತ್ತಿರ, ಒಂದು ತಿಂಗಳು ಚಿಕ್ಕವಳ ಹತ್ತಿರ. ಎಂಟು ತಿಂಗಳ ಹಿಂದೆ ಅದೂ ನಿಂತಿತು. ದೊಡ್ಡವಳ ತಿಂಗಳು ಶುರುವಾದ ದಿನ ಅತ್ತೆ, "ನಾನು ಇಲ್ಲೇ ಇರ್ತೀನಿ ಕಣೇ, ಎಲ್ಲೂ ಹೋಗಲ್ಲ" ಅಂದುಬಿಟ್ಟರು. ಚಿಕ್ಕವಳೇ ಮುದುಕಿಯ ತಲೆ ಕೆಡಿಸಿದಾಳೆ ಅಂತ ಓರಗಿತ್ತಿ ಗೋಡೆಯ ಬಾಗಿಲಿಗೆ ಆ ಕಡೆಯಿಂದ ಚಿಲಕ ಹಾಕಿದಳು. ಪೊರಕೆಗೂ ಮಾತಿಲ್ಲ, ಕೊಡಕ್ಕೂ ಮಾತಿಲ್ಲ. ಕಕ್ಕಸಿಗೆ ಹೋಗಬೇಕಾದರೆ ಕಕ್ಕಸಕ್ಕ ಬೀದಿಗೆ ಇಳಿದು, ಸುತ್ತಿಕೊಂಡು, ಓರಗಿತ್ತಿಯ ಮುಂಬಾಗಿಲ ಪಕ್ಕದ ಓಣಿಯಿಂದ ಬರಬೇಕಾಯಿತು.

ನಿಜ ಸಂಗತಿ ಬೇರೆಯೇ ಇತ್ತು. ಓರಗಿತ್ತಿಯ ಕಡೆ ನೆಲ ತಗ್ಗು. ಗುಂಡಿಗೆ ನೀರು ನುಗ್ಗುತ್ತೆ ಅಂತ ಕಟ್ಟಿದವನು ಕಕ್ಕಸನ್ನು ಎತ್ತರಿಸಿ, ನಾಲ್ಕು ಮೆಟ್ಟಿಲು ಇಟ್ಟಿದ್ದ. ಒಂದೊಂದೂ ಹೆಚ್ಚುಕಮ್ಮಿ ಮೊಣಕಾಲೆತ್ತರ, ಹಿಡಿಯೋಕೆ ಏನೂ ಇಲ್ಲ, ಒಳಗೆ ಕುಕ್ಕರಗಾಲಿನಲ್ಲಿ ಕೂರಬೇಕು. ಎಂಟು ತಿಂಗಳ ಹಿಂದೆ ಅತ್ತೆಯ ಮೊಣಕಾಲು ಕೈಕೊಟ್ಟಿತು. ಕಕ್ಕಸಕ್ಕ ತನ್ನ ಕೋಣೆಯ ಮೂಲೆಗೆ ಹಳೇ ಪರದೆ ಕಟ್ಟಿ, ಒಂದು ಸ್ಟೂಲಿನ ಮಧ್ಯೆ ತೂತು ಕೊರೆಸಿ, ಕೆಳಗೆ ಮುಚ್ಚಳದ ಬಕೀಟು ಇಟ್ಟಳು. ಓರಗಿತ್ತಿ ಹೊಲಿಗೆ ಕಾರ್ಖಾನೆಗೆ ಏಳೂವರೆಗೆ ಹೋದ ಮೇಲೆ ಬಕೀಟು ಹೊತ್ತು, ಬೀದಿ ಸುತ್ತಿ, ನಾಲ್ಕು ಮೆಟ್ಟಿಲು ಹತ್ತಿ ಚೆಲ್ಲಿ ಬರುತ್ತಿದ್ದಳು. ಎದುರು ಸಿಕ್ಕವರು, "ಏನಕ್ಕ, ಬಟ್ಟೆ ಒಗೆಯೋಕಾ?" ಅಂತಿದ್ದರು. "ಹೂಂ" ಅಂತಿದ್ದಳು.

"ಅಕ್ಕನಿಗೆ ಹೇಳೋಣ ಅತ್ತೆ" ಅಂತ ಮೊದಲ ವಾರವೇ ಅಂದಿದ್ದಳು.

"ಯಾರಿಗೆ ಹೇಳಿದ್ರೂ ನನ್ನ ಮೇಲಾಣೆ, ನಿನ್ನ ಗಂಡನೂ ಬಾಯಿ ಬಿಡೋ ಹಾಗಿಲ್ಲ" ಅಂದರು ಅತ್ತೆ. "ಅವಳು ಸೊಸೆಯಾಗಿ ಬಂದಾಗ ಎಷ್ಟು ಜರ್ಬು ಮಾಡಿದೀನಿ ಗೊತ್ತಾ? ನೆಲ ಸರಿಯಾಗಿ ಒರೆಸಿಲ್ಲ ಅಂತ ಮೂರು ಮೂರು ಸಲ ಒರೆಸಿಸಿದೀನಿ. ಈಗ ಅವಳ ಕೈಲಿ ಬಕೀಟು ಎತ್ತಿಸಲಾ? ಪ್ರಾಣ ಹೋದ್ರೂ ಇಲ್ಲ."

"ನನ್ನ ಕೈಲಿ ಎತ್ತಿಸ್ತಿದೀರಲ್ಲ?"

"ನಿನಗಾದ್ರೆ ಅದೇ ಉದ್ಯೋಗ ಅಲ್ವೇನೇ" ಅಂದರು ಅತ್ತೆ, ಗಂಭೀರವಾಗಿ. ಕಕ್ಕಸಕ್ಕನಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ಮಾಡದೆ ಪಾತ್ರೆ ತೊಳೆದಳು.

ಬಕೀಟಿಗಿಂತ ದೊಡ್ಡ ಸಂಕಟ ನೀರಿನದು. ಸೊಸೆ ಹೊರೋದನ್ನು ನೋಡಲಾರದೆ ಅತ್ತೆ ನೀರು ಕುಡಿಯೋದನ್ನೇ ಕಮ್ಮಿ ಮಾಡಿದರು. ಔಷಧಿ ಅಳೆಯೋಕೆ ಒಂದು ಪುಟ್ಟ ಬಟ್ಟಲಿತ್ತಲ್ಲ, ಅದರಲ್ಲಿ ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು. ಹೊತ್ತು ಇಳಿದ ಮೇಲೆ ಬರೀ ಬಾಯಿ ಒದ್ದೆ ಮಾಡಿಕೊಳ್ಳೋದು. ಎರಡು ಸಲ ಜ್ವರ ಬಂತು, ಮೂತ್ರದಲ್ಲಿ ಉರಿ. ಕ್ಲಿನಿಕ್ಕಿನ ಡಾಕ್ಟರು ದಿನಕ್ಕೆ ಎರಡು ಲೀಟರು ನೀರು ಕುಡೀಲೇಬೇಕು, ಇಲ್ಲದಿದ್ರೆ ಕಿಡ್ನಿಗೆ ಕುತ್ತು ಅಂದರು. ಅತ್ತೆ ಭಕ್ತಿಯಿಂದ ತಲೆಯಾಡಿಸಿದರು. ಆಟೋದಲ್ಲಿ ಕೂತ ಮೇಲೆ, "ಹೇಳೋಕೇನು, ಎತ್ತೋನು ಅವನಾ?" ಅಂದರು.

ಆ ವಾರ ಕಕ್ಕಸಕ್ಕ ಇಂಜಿನಿಯರ್ ಒಬ್ಬರ ಮನೆ ಎಣಿಸೋಕೆ ಹೋಗಿದ್ದಳು. ಅವರ ಕಕ್ಕಸು ನೆಲಮಟ್ಟದಲ್ಲಿತ್ತು, ಕೂರೋಕೆ ಕಮೋಡು, ಪಕ್ಕದ ಗೋಡೆಗೆ ಹಿಡಿದು ಏಳೋಕೆ ಒಂದು ಸ್ಟೀಲಿನ ಸರಳು. ಅವಳು ಫೋಟೋ ತೆಗೆದಳು. ಸರಳನ್ನು ಒಂದು ಸಲ ಹಿಡಿದು ನೋಡಿದಳು. ಆಮೇಲೆ ಬಾಗಿಲು ಹಾಕಿಕೊಂಡು, ಕಮೋಡಿನ ಮುಚ್ಚಳದ ಮೇಲೆ ಕೂತು ಚೆನ್ನಾಗಿ ಅತ್ತಳು. ಮುಖ ತೊಳೆದು ಹೊರಗೆ ಬಂದು ಹಸಿರು ಒತ್ತಿದಳು.

ತನ್ನ ಮನೆಯನ್ನು ಅವಳು ಪ್ರಾಮಾಣಿಕವಾಗಿ ಹಳದಿ ಅಂತಲೇ ಒತ್ತಿದ್ದಳು, ತನ್ನದೂ ಹಳದಿ, ಓರಗಿತ್ತಿಯದೂ ಹಳದಿ. ಹಾಗಿದ್ದದ್ದೇ ಒಳ್ಳೆಯದಾಯಿತು. ಹೊಸ ಆದೇಶ ಬಂತು: ಕೇಂದ್ರದ ತಪಾಸಣೆಯ ದಿನ ಯಾವ ಮನೆ ಹಳದಿಯೋ ಅದು ಬಾಕಿ ಪಟ್ಟಿಗೆ ಸೇರುತ್ತೆ, ಬಾಕಿ ಪಟ್ಟಿಯವರಿಗೆ ಎರಡು ತಿಂಗಳಲ್ಲಿ ಸರ್ಕಾರವೇ ಕಕ್ಕಸು ಕಟ್ಟಿಸಿಕೊಡುತ್ತೆ. ಲಾರಿಯ ದುಡಿಮೆಯಲ್ಲಿ ಅವರಾಗಿ ಕಟ್ಟಿಸೋ ಮಾತೇ ಇರಲಿಲ್ಲ. ಕಕ್ಕಸಕ್ಕ ಆವತ್ತೇ ಗಾರೆಯವನನ್ನು ಕರೆತಂದಳು. ಅವಳ ಕಡೆ ನೆಲ ಎತ್ತರ. "ಮೆಟ್ಟಿಲೇ ಬೇಡಮ್ಮ, ನಡಕೊಂಡೇ ಒಳಗೆ ಹೋಗಬಹುದು" ಅಂತ ಅವನು ಸುಣ್ಣದಲ್ಲಿ ನೆಲದ ಮೇಲೆ ಚೌಕ ಎಳೆದು ಹೋದ. ಅವತ್ತಿನಿಂದ ಅತ್ತೆ ಬಿಸಿಲು ಕಾಯೋಕೆ ಆ ಚೌಕದ ಪಕ್ಕದಲ್ಲೇ ಕೂರೋಕೆ ಶುರು ಮಾಡಿದರು. ಒಂದು ದಿನ ಕೋಲಿನಿಂದ ತೋರಿಸಿ, "ಸರಳು ಈ ಕಡೆ ಹಾಕಿಸೇ, ನನ್ನ ಬಲಗೈ ಗಟ್ಟಿ" ಅಂದರು. ಅಷ್ಟು ಆಸೆಪಟ್ಟು ಅವರು ಏನನ್ನಾದರೂ ಕೇಳಿದ್ದನ್ನು ಅವಳು ನೋಡಿರಲಿಲ್ಲ.

ಇಷ್ಟರ ಮೇಲೆ ಎರಗಿದ್ದು ಪರ್ಸೆಂಟ್ ಸಾಹೇಬರು.

ಅವರು ವಾರ್ಡು ಆಫೀಸಿನ ಸೂಪರ್‌ವೈಸರು. ಕೆಟ್ಟವರಲ್ಲ. ಗೋಡೆಯ ಮೇಲೆ ಒಂದು ಕರಿಹಲಗೆ, ಅದರ ಮೇಲೆ ವಾರ್ಡಿನ ಪ್ರಗತಿ, ಅದನ್ನು ದಿನಾ ಬೆಳಿಗ್ಗೆ ತಾವೇ ಒರೆಸಿ ತಾವೇ ಬರೆಯುತ್ತಿದ್ದರು. ನಲವತ್ತರಿಂದ ಶುರುವಾಗಿದ್ದು ಈಗ ತೊಂಬತ್ತೊಂಬತ್ತು ಪಾಯಿಂಟ್ ಐದು ಒಂದಕ್ಕೆ ಬಂದು ನಿಂತಿತ್ತು. ಒಟ್ಟು ನಾನೂರ ಹನ್ನೆರಡು ಮನೆ, ನಾನೂರ ಹತ್ತು ಹಸಿರು.

"ಉಳಿದಿರೋ ಎರಡು ಮನೆ ಯಾವುದು ಅಂತ ನೋಡಿದೆ" ಅಂದರು ಸಾಹೇಬರು ಅವಳನ್ನು ಕೂರಿಸಿಕೊಂಡು. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ. ಎರಡೂ ನಿಮ್ಮದೇ ಅಲ್ವೇನಮ್ಮ!"

"ಇರೋದನ್ನ ಒತ್ತಿದೀನಿ ಸರ್."

"ಸರಿಯಾಗೇ ಒತ್ತಿದೀರಿ, ನಾನು ತಪ್ಪು ಅಂದ್ನಾ? ಈಗ ಕೇಳಿ. ಗುರುವಾರ ತಪಾಸಣೆ. ಆ ಒಂದು ದಿನ ನೀವು ಒಲೆ ಹಚ್ಚಬೇಡಿ. ಎಲ್ಲರೂ ಒಂದೇ ಒಲೇಲಿ ಉಣ್ಣಿ. ಆಗ ನೀವು ಎರಡು ಮನೆ ಅಲ್ಲ, ಒಂದು ಮನೆ. ಒಂದು ಮನೆ, ಒಂದು ಕಕ್ಕಸು, ಹಸಿರು! ನಾನೂರ ಹನ್ನೊಂದಕ್ಕೆ ನಾನೂರ ಹನ್ನೊಂದು. ಒಂದು ಇಟ್ಟಿಗೆ ಇಡದೆ ನೂರಕ್ಕೆ ನೂರು." ಅವರ ಕಣ್ಣು ಕರಿಹಲಗೆಯ ಮೇಲಿತ್ತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಪಾಪ, ಅವರು ನೂರು ಅನ್ನೋದನ್ನು ಒಂದು ಸಲವೂ ಬರೆದಿರಲಿಲ್ಲ.

"ಬಾಕಿ ಪಟ್ಟಿ?"

"ನೂರು ಆದ್ಮೇಲೆ ಬಾಕಿ ಏನು ಬಂತು? ಮುಚ್ಚುತ್ತೆ."

ಕಕ್ಕಸಕ್ಕನ ನಾಲಿಗೆ ತುದಿಗೆ ಅತ್ತೆಯ ಮೊಣಕಾಲು, ಬಕೀಟು, ಬಟ್ಟಲು ಎಲ್ಲ ಬಂದು ನಿಂತವು. ಆಣೆ ಇತ್ತಲ್ಲ. ಬಾಯಲ್ಲಿ ಬಿಸಿತುಪ್ಪ, ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. "ಓರಗಿತ್ತಿ ಒಪ್ಪಲ್ಲ ಸರ್" ಅಂದಳು ಕೊನೆಗೆ.

"ನಿನ್ನೆಯೇ ಅವರನ್ನ ಕೇಳಿದೆ. ಅತ್ತೆ ಒಂದು ದಿನ ನಮ್ಮನೇಲಿ ಊಟ ಮಾಡ್ತಾರೆ ಅಂದ್ರೆ ಆಗಲಿ ಅಂದರು." ಸಾಹೇಬರು ಅವಳ ಗುತ್ತಿಗೆ ನವೀಕರಣದ ಕಾಗದವನ್ನು ಮೇಜಿನ ಎಡಗಡೆಯಿಂದ ಎತ್ತಿ ಬಲಗಡೆ ಇಟ್ಟರು. ಎಡಗಡೆ ಸಹಿಗೆ ಇರೋದು, ಬಲಗಡೆ ತಡೆಹಿಡಿದದ್ದು. ಅವಳು ಎದ್ದು ಮನೆಗೆ ಬಂದಳು.

ವಿಷಯ ಕೇಳಿದ ಅತ್ತೆ ಚೌಕವನ್ನು ಸ್ವಲ್ಪ ಹೊತ್ತು ನೋಡಿದರು. "ಹೋಗಲಿ ಬಿಡೇ" ಅಂದರು. "ನಿನ್ನ ಕೆಲಸ ಉಳೀಲಿ. ನಾನಿನ್ನು ಎಷ್ಟು ದಿನ ಹೇಳು?" ಆವತ್ತು ಮಧ್ಯಾಹ್ನದ ಒಂದು ಬಟ್ಟಲನ್ನೂ ಬೇಡ ಅಂದರು. ಕಕ್ಕಸಕ್ಕನಿಗೆ ಸಾಹೇಬರ ಮೇಲೆ, ಕರಿಹಲಗೆಯ ಮೇಲೆ, ತನ್ನ ಮೇಲೆ ಮೈಯೆಲ್ಲ ಉರಿಯುವ ಹಾಗೆ ಸಿಟ್ಟು ಬಂತು.

ಗುರುವಾರ ಬೆಳಿಗ್ಗೆ ಎಂಟು ತಿಂಗಳ ಮೇಲೆ ಗೋಡೆಯ ಬಾಗಿಲ ಚಿಲಕ ತೆಗೆದ ಸದ್ದಾಯಿತು. ಕಕ್ಕಸಕ್ಕ ಅತ್ತೆಯ ತೋಳು ಹಿಡಿದು ಆ ಕಡೆ ಕರೆದುಕೊಂಡು ಹೋದಳು. ಓರಗಿತ್ತಿ ಕಾರ್ಖಾನೆಗೆ ರಜಾ ಹಾಕಿದ್ದಳು. ಮನೆಯನ್ನು ತೊಳೆದು ಬಳಿದು, ಅತ್ತೆಗೆ ಬೆನ್ನು ಆನಿಸೋ ಕುರ್ಚಿ ಹಾಕಿ, ಅದರ ಮೇಲೆ ಎರಡು ದಿಂಬು ಇಟ್ಟಿದ್ದಳು. ಮಾತಾಡಿದ್ದು ಮಾತ್ರ ದಿಂಬಿಗೆ. "ಬಂದೋರು ಕೂತ್ಕೊಳ್ಳಲಿ."

ಕೂತರು. ಓರಗಿತ್ತಿ ಕುಡಿಯೋಕೆ ಕಾಫಿ ತಂದಿಟ್ಟಳು. ಅತ್ತೆ ಬೇಡ ಅಂದರು. ಗಂಜಿ ತಂದಳು, ಬೇಡ. ಬಿಸಿನೀರಾದರೂ? ಬೇಡ. ಓರಗಿತ್ತಿ ಲೋಟ ಹಿಡಿದು ನಿಂತೇ ಇದ್ದಳು, ಅವಳ ಮುಖ ಸಣ್ಣದಾಯಿತು. "ನಮ್ಮನೇಲಿ ನೀರೂ ಇಳಿಯಲ್ಲ ಅಂತ ಕಾಣುತ್ತೆ" ಅಂತ ಲೋಟಕ್ಕೆ ಹೇಳಿದಳು. "ಇಪ್ಪತ್ತು ವರ್ಷ ನಾನು ಬೇಯಿಸಿ ಹಾಕಿದ್ದು ಉಂಡಿದಾರೆ. ಈಗ ಏನು ವಿಷ ಹಾಕ್ತೀನಿ ಅಂತಲಾ?" ಹೇಳುತ್ತಾ ಹೇಳುತ್ತಾ ಲೋಟವನ್ನು ಇನ್ನಷ್ಟು ಮುಂದೆ ಚಾಚಿದಳು.

ಅತ್ತೆ ಲೋಟ ಇಸಕೊಂಡರು. ಗಟಗಟ ಕುಡಿದುಬಿಟ್ಟರು. ಎಂಟು ತಿಂಗಳಲ್ಲಿ ಅವರು ಒಂದೇ ಸಲಕ್ಕೆ ಅಷ್ಟು ಕುಡಿದಿದ್ದು ಅದೇ ಮೊದಲು. ಕಕ್ಕಸಕ್ಕ ಗೋಡೆ ಗಡಿಯಾರ ನೋಡಿದಳು. ಅರ್ಧ ಗಂಟೆ ಆಯಿತು, ಮುಕ್ಕಾಲು ಗಂಟೆ ಆಯಿತು. ಅತ್ತೆ ಕುರ್ಚಿಯಲ್ಲಿ ಮಿಸುಕಾಡಿ ಅವಳ ಕಡೆ ನೋಡಿದರು.

"ಕಕ್ಕಸು ಅಲ್ಲೇ ಇದೆಯಲ್ಲ, ಹತ್ತು ಹೆಜ್ಜೆ" ಅಂದಳು ಓರಗಿತ್ತಿ.

ಅತ್ತೆ ಎದ್ದು ಹೋದರು. ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಗೋಡೆ ತಡವಿ, ಮೈಯೆಲ್ಲ ಎಳೆದುಕೊಂಡು ಹತ್ತಿದರು. ಎರಡನೆಯದಕ್ಕೆ ಕಾಲು ಎತ್ತೋಕೆ ಹೋದರು, ಕಾಲು ಬರಲಿಲ್ಲ. ಇಳಿಯೋಕೂ ಆಗಲಿಲ್ಲ. ಅಲ್ಲೇ ನಿಂತರು. "ಮಾತು ಕೇಳ್ತಿಲ್ಲ ಕಣೇ ಇದು" ಅಂದರು ಮೊಣಕಾಲು ಮುಟ್ಟಿಕೊಂಡು.

"ಹಂಗಾದ್ರೆ ದಿನಾ ಹೆಂಗೆ ಹತ್ತುತೀರಿ?" ಅಂದಳು ಓರಗಿತ್ತಿ. ಕಕ್ಕಸಕ್ಕ ಒಂದು ಕಡೆ ಹಿಡಿದಳು, ಓರಗಿತ್ತಿ ಏನೂ ಅರ್ಥವಾಗದೆ ಇನ್ನೊಂದು ಕಡೆ ಹಿಡಿದಳು, ಇಬ್ಬರೂ ಅತ್ತೆಯನ್ನು ಹೆಚ್ಚುಕಮ್ಮಿ ಎತ್ತಿಕೊಂಡೇ ಗೋಡೆಯ ಬಾಗಿಲು ದಾಟಿದರು. ಪರದೆ ಸರಿಸಿ ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಪರದೆ ಎಳೆದು ಹೊರಗೆ ನಿಂತರು.

ಓರಗಿತ್ತಿ ಪರದೆಯನ್ನು ನೋಡಿದಳು. ಪಕ್ಕದ ಗೂಡಿನಲ್ಲಿದ್ದ ಪುಟ್ಟ ಬಟ್ಟಲನ್ನು ನೋಡಿದಳು, ಅದರ ಪಕ್ಕ ತುಂಬಿದ ಹಾಗೇ ಇದ್ದ ನೀರಿನ ತಂಬಿಗೆಯನ್ನು ನೋಡಿದಳು.

"ಎಷ್ಟು ದಿನದಿಂದ?" ಅಂತ ಪರದೆಯನ್ನು ಕೇಳಿದಳು.

"ಎಂಟು ತಿಂಗಳು" ಅಂತ ಕಕ್ಕಸಕ್ಕ ಬಟ್ಟಲಿಗೆ ಹೇಳಿದಳು. ಆಣೆ ಹೇಳಬಾರದು ಅಂತಿತ್ತು, ಕೇಳಿದರೆ ಉತ್ತರ ಕೊಡಬಾರದು ಅಂತ ಇರಲಿಲ್ಲ. "ನಿಮ್ಮ ಕೈಲಿ ಎತ್ತಿಸಬಾರದು ಅಂತ ಈ ಕಡೆ ಉಳಕೊಂಡಿದ್ದು. ಬೇರೇನೂ ಇಲ್ಲ." ಅಂಗಳದ ಚೌಕ ತೋರಿಸಿದಳು. "ಅಲ್ಲಿ ಆಗಬೇಕಿತ್ತು. ಮೆಟ್ಟಿಲಿಲ್ಲದ್ದು. ಇವತ್ತು ಒಂದೇ ಮನೆ ಅಂತ ಹಸಿರಾದ್ರೆ ಸರ್ಕಾರ ಕಟ್ಟಿಸಲ್ಲ."

ಓರಗಿತ್ತಿ ಪರದೆಯ ಒಳಗೆ ಹೋಗಿ ಅತ್ತೆಯನ್ನು ಎಬ್ಬಿಸಿ ಮಂಚದ ಮೇಲೆ ಕೂರಿಸಿದಳು. ಬಕೀಟಿಗೆ ಮುಚ್ಚಳ ಹಾಕಿ ಎತ್ತಿಕೊಂಡಳು. "ಅಯ್ಯೋ, ನೀನು ಬೇಡವೇ, ಇಡೇ ಕೆಳಗೆ!" ಅಂತ ಅತ್ತೆ ಕೂಗಿದರು. "ಸುಮ್ನೆ ಕೂತ್ಕೊಳ್ಳಿ" ಅಂತ ಓರಗಿತ್ತಿ ಅತ್ತೆಗೇ ನೇರವಾಗಿ ಗದರಿಸಿ, ಬಾಗಿಲು ದಾಟಿ, ನಾಲ್ಕು ಮೆಟ್ಟಿಲು ಹತ್ತಿ ಚೆಲ್ಲಿ, ತೊಳೆದು ತಂದಿಟ್ಟಳು. ಕೈ ಒರೆಸಿಕೊಳ್ಳುತ್ತಿದ್ದಾಗ ಪರ್ಸೆಂಟ್ ಸಾಹೇಬರು ಮತ್ತು ಕೇಂದ್ರದ ತಪಾಸಣೆಯವಳು ಒಳಗೆ ಬಂದರು.

ತಪಾಸಣೆಯವಳು ಚಿಕ್ಕ ವಯಸ್ಸಿನ ಹುಡುಗಿ, ಕಾಲಿಗೆ ಕೆಸರು ಮೆತ್ತಿದ ಬೂಟು, ಕೈಯಲ್ಲಿ ಕೇಂದ್ರದ್ದೇ ಬೇರೆ ಟ್ಯಾಬು. "ಈ ಮನೇಲಿ ಒಲೆ ಎಷ್ಟು?" ಅಂದಳು.

"ಒಂದೇ ಮೇಡಂ" ಅಂದರು ಸಾಹೇಬರು. "ಕೂಡು ಕುಟುಂಬ. ಹಾಲು ಜೇನಿನ ಹಾಗೆ ಇದ್ದಾರೆ."

"ಯಾರ್ರೀ ಹೇಳಿದ್ದು ನಿಮಗೆ?" ಅಂದಳು ಓರಗಿತ್ತಿ.

ಓರಗಿತ್ತಿ ಸೊಂಟಕ್ಕೆ ಕೈಯಿಟ್ಟು ಕಕ್ಕಸಕ್ಕನ ಕಡೆ ತಿರುಗಿದಳು. ಪೊರಕೆಯ ಕಡೆಗಲ್ಲ, ಕೊಡದ ಕಡೆಗಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಕಣ್ಣಲ್ಲಿ ಕಣ್ಣಿಟ್ಟು, "ಏಯ್! ನನ್ನ ಒಲೆಗೂ ನಿನಗೂ ಏನೇ ಸಂಬಂಧ? ನಿನ್ನ ಕೈ ಅಡುಗೆ ತಿನ್ನೋದಕ್ಕಿಂತ ಉಪವಾಸ ಬಿದ್ದಿರ್ತೀನಿ ನಾನು!" ಅಂತ ಇಡೀ ಬೀದಿಗೆ ಕೇಳೋ ಹಾಗೆ ಕಿರುಚಿದಳು.

ಕಕ್ಕಸಕ್ಕ ಮಿಕಮಿಕ ನೋಡಿದಳು. ಓರಗಿತ್ತಿ ಒಂದು ಹೆಜ್ಜೆ ಹತ್ತಿರ ಬಂದು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು. "ಬೈಯೇ, ಮಂಕೇ. ಬೈಯೇ ನನ್ನ."

ಆಗ ಅವಳಿಗೆ ಹೊಳೆಯಿತು. ಮೂರು ವರ್ಷ ಕೂಡಿಟ್ಟದ್ದು ಸುಮ್ಮನೆ ಹೋಗುತ್ತದೆಯೇ, ಕಟ್ಟೆ ಒಡೆದ ಹಾಗೆ ಬಂತು. "ನಿಮ್ಮ ಒಲೆ ಯಾರಿಗೆ ಬೇಕಾಗಿತ್ತು! ಹೊಗೆ ಬಿಟ್ರೆ ಅದರಲ್ಲಿ ಏನು ಬೇಯುತ್ತೆ? ನನ್ನ ಮನೆ ಬೇರೆ, ನನ್ನ ಒಲೆ ಬೇರೆ! ಬನ್ನಿ ಮೇಡಂ, ನೋಡಿ ಬನ್ನಿ!"

"ಪಾತ್ರೆ ತಂದಿದ್ಲಂತೆ ತವರಿಂದ! ಊದಿದ್ರೆ ಹಾರುತ್ತೆ!"

"ಉಪ್ಪು ಹಾಕೋಕೆ ಬರದೋರು ತೂಕದ ಮಾತಾಡ್ತಾರೆ!"

"ಎರಡನೇ ಸಲ ಉಪ್ಪು ಹಾಕಿದ್ದು ನೀನು ಕಣೇ!"

"ನೀವು!"

"ಮೇಡಂ, ಇವರಿಬ್ಬರೂ ಬೇರೆ ಬೇರೆ, ನಾನೇ ಸಾಕ್ಷಿ!" ಅಂತ ಮಂಚದ ಮೇಲಿಂದ ಅತ್ತೆ ಕೂಗಿದರು. ಆವೇಶ ಅವರಿಗೂ ಹತ್ತಿತ್ತು. "ಉಪ್ಪು ಹಾಕಿದ್ದು ನಾನು! ಸಪ್ಪೆ ಇದೆ ಅನ್ನಿಸ್ತು, ಒಂದು ಹಿಡಿ ಹಾಕಿದೆ! ಆಮೇಲೆ ಹೇಳೋಕೆ ಹೆದರಿಕೆ ಆಯ್ತು!"

ಇಬ್ಬರು ಸೊಸೆಯರೂ ಕೋಣೆಯ ಕಡೆ ತಿರುಗಿ ನಿಂತರು. ಮೂರು ವರ್ಷದ ಗೋಡೆಗೆ ಬುಡವೇ ಇರಲಿಲ್ಲ. ಜಗಳ ಅಲ್ಲೇ ಮುಗಿದುಹೋಗಬೇಕಿತ್ತು. ಪರ್ಸೆಂಟ್ ಸಾಹೇಬರ ಮುಖ ನಿಧಾನಕ್ಕೆ ಅರಳತೊಡಗಿತು. "ನೋಡಿದ್ರಾ ಮೇಡಂ, ಏನೂ ಇಲ್ಲ, ಸಣ್ಣ ಮನಸ್ತಾಪ…"

"ಯಾರಾದ್ರೂ ಹಾಕಿರಲಿ!" ಅಂದಳು ಓರಗಿತ್ತಿ, ಉಸಿರು ತಿರುಗಿಸಿಕೊಂಡು. ಅವಳ ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಒಂದು ಚೂರೂ ಇಳಿದಿರಲಿಲ್ಲ. "ರುಚಿ ನೋಡದೆ ಬಡಿಸಿದ್ದು ಇವಳು! ಇವಳ ಜೊತೆ ನಾನು ಒಂದು ಒಲೇಲಿ ಉಣ್ಣಲ್ಲ ಅಂದ್ರೆ ಉಣ್ಣಲ್ಲ! ಬರಕೊಳ್ಳಿ!"

"ನಾನೂ ಉಣ್ಣಲ್ಲ! ಬರಕೊಳ್ಳಿ!" ಅಂದಳು ಕಕ್ಕಸಕ್ಕ.

ತಪಾಸಣೆಯವಳು ಓರಗಿತ್ತಿಯ ಒಲೆ ನೋಡಿದಳು, ಕಕ್ಕಸಕ್ಕನ ಒಲೆ ನೋಡಿದಳು. ಅರ್ಧ ಸರಿದಿದ್ದ ಪರದೆಯ ಮುಂದೆ ಒಂದು ಗಳಿಗೆ ನಿಂತಳು. ವಾಪಸು ಬರುವಾಗ ಸುಣ್ಣದ ಚೌಕ ಕಂಡು, ಇದೇನು ಅಂತ ಕೇಳಿದಳು. "ಗೆರೆ" ಅಂದರು ಅತ್ತೆ ಒಳಗಿಂದ. ಅವಳು ಅದನ್ನು ತುಳಿಯದೆ ಸುತ್ತಿಕೊಂಡು ಬಂದು ಟ್ಯಾಬಿನಲ್ಲಿ ಎರಡು ಸಲ ಒತ್ತಿದಳು. "ಎರಡು ಮನೆ, ಎರಡೂ ಹಳದಿ. ಬಾಕಿ ಪಟ್ಟಿಗೆ ಹೋಗುತ್ತೆ." ಸಾಹೇಬರು ಗೋಡೆಗೆ ಒರಗಿಕೊಂಡರು. ಅವರಿಗೆ ಕುಡಿಯೋಕೆ ನೀರು ಕೊಡಬೇಕಾಯಿತು, ಓರಗಿತ್ತಿಯೇ ಕೊಟ್ಟಳು.

ಎರಡು ತಿಂಗಳು ಅಂದಿದ್ದು ಎಪ್ಪತ್ತಮೂರು ದಿನ ಆಯಿತು. ಕಟ್ಟೋವರೆಗೂ ಯಾರು ಬೇಕಾದರೂ ಬಂದು ನೋಡಬಹುದು ಅಂತ ಎರಡೂ ಒಲೆ ದಿನಾ ಉರಿಯುತ್ತಿದ್ದವು. ಒಂದರ ಮೇಲೆ ಎಲ್ಲರಿಗೂ ಅಡುಗೆ, ಇನ್ನೊಂದರ ಮೇಲೆ ಅತ್ತೆಗೆ ಸ್ನಾನದ ನೀರು. ಬಕೀಟಿನ ಸರದಿಯೂ ಬಂತು, ಒಂದು ದಿನ ಇವಳು, ಒಂದು ದಿನ ಅವಳು. ಅತ್ತೆ ಮೊದಲ ವಾರ ಮುಖ ಮುಚ್ಚಿಕೊಂಡರು. ಎರಡನೇ ವಾರ, ಅವಳಿಗಿಂತ ನೀನೇ ಚೆನ್ನಾಗಿ ತೊಳೀತೀಯ ಅಂತ ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದರು. ಕಕ್ಕಸಕ್ಕನ ಗುತ್ತಿಗೆಯ ಕಾಗದ ಸಾಹೇಬರ ಮೇಜಿನ ಎಡಗಡೆಗೆ ವಾಪಸು ಬಂತು, ಯಾಕೆಂದರೆ ಎಣಿಸೋಕೆ ಬೇರೆ ಯಾರೂ ಒಪ್ಪಲಿಲ್ಲ. ಕೊನೆಗೂ ನಾನೂರ ಹನ್ನೆರಡಕ್ಕೆ ನಾನೂರ ಹನ್ನೆರಡು ಆದ ದಿನ ಸಾಹೇಬರು ಸೀಮೆಸುಣ್ಣ ಎತ್ತಿಕೊಳ್ಳುವಷ್ಟರಲ್ಲಿ ಮೇಲಿಂದ ಹೊಸ ಆದೇಶ ಬಂದಿತ್ತು, ಇನ್ನು ಮೇಲೆ ಬೀದಿದೀಪ ಎಣಿಸಬೇಕು ಅಂತ. ಆದರೂ ಅವರು ನೂರು ಅಂತ ಬರೆದು, ಸ್ವಲ್ಪ ಹೊತ್ತು ನೋಡಿ, ತಾವೇ ಒರೆಸಿದರಂತೆ.

ಆವತ್ತು ಸಾಯಂಕಾಲ ಅತ್ತೆ ಕೋಲೂರಿಕೊಂಡು, ಮೆಟ್ಟಿಲಿಲ್ಲದ ಹೊಸಿಲು ದಾಟಿ, ತಾವೇ ಒಳಗೆ ಹೋದರು. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿತು. ಹೊರಗೆ ಇಬ್ಬರು ಸೊಸೆಯರೂ ತಮಗೇನೂ ಸಂಬಂಧವಿಲ್ಲದವರ ಹಾಗೆ ಗೋಡೆ ನೋಡುತ್ತಾ ನಿಂತಿದ್ದರು. "ಸರಳು ಬಲಗಡೆಗೇ ಇದೆ ಕಣ್ರೇ!" ಅಂತ ಒಳಗಿಂದ ಕೂಗು ಬಂತು.

ಊಟಕ್ಕೆ ಎಲ್ಲರೂ ಓರಗಿತ್ತಿಯ ಒಲೆಯ ಮುಂದೆ ಕೂತರು. ಲಾರಿ ಅವತ್ತು ಊರಲ್ಲೇ ಇತ್ತು, ಅಣ್ಣ ತಮ್ಮ ಇಬ್ಬರೂ ಇದ್ದರು. ಸಾರಿಗೆ ಓರಗಿತ್ತಿ ಉಪ್ಪು ಹಾಕಿದ್ದಳು. ಅವಳು ಮರೆತಿರಬಹುದು ಅಂತ ಕಕ್ಕಸಕ್ಕನೂ ಹಾಕಿದ್ದಳು. ಗಂಡಸರು ಮೊದಲ ತುತ್ತಿಗೇ ತಲೆ ತಗ್ಗಿಸಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕೈ ತೊಳೆಯೋ ಧೈರ್ಯ ಮಾಡಲಿಲ್ಲ. ಅತ್ತೆ ಮಾತ್ರ ಚೊಕ್ಕಟವಾಗಿ ತಟ್ಟೆ ಖಾಲಿ ಮಾಡಿದರು.

"ಉಪ್ಪು ತಿಂದೋರು ನೀರು ಕುಡೀಲೇಬೇಕಲ್ಲ, ತಗೊಂಬನ್ರೇ" ಅಂದರು.

ಕಕ್ಕಸಕ್ಕನ ಕೈ ಅಭ್ಯಾಸಬಲದಿಂದ ಪುಟ್ಟ ಬಟ್ಟಲಿಗೆ ಹೋಯಿತು. ಓರಗಿತ್ತಿ ಅದನ್ನು ಕಿತ್ತುಕೊಂಡು ಆಚೆ ಇಟ್ಟು, ಮನೆಯಲ್ಲಿದ್ದ ದೊಡ್ಡ ಲೋಟ ತುಂಬಿ ಕೊಟ್ಟಳು. ಹೊರಗೆ ಹೊತ್ತು ಮುಳುಗುತ್ತಿತ್ತು. ಅತ್ತೆ ತಲೆ ಎತ್ತಿ, ಒಂದು ಹನಿ ಬಿಡದೆ ಅಷ್ಟನ್ನೂ ಕುಡಿದು, ಬಾಯಿ ಒರೆಸಿಕೊಂಡು, ಲೋಟ ಮುಂದೆ ಚಾಚಿದರು.

"ಇನ್ನೊಂದು" ಅಂದರು.